ನಾಲ್ಕನೆಯ ತಲೆ

ಕೆಯೋನ್ ಬಂದರಿನ ಶೆಡ್ಡು, ಜೂನ್ ತಿಂಗಳ ಚಳಿ.
ಸ್ಪ್ಯಾನರು ಹಿಡಿದರೆ ಕೈಯ ಬಿಸಿಯೆಲ್ಲ ಅದರ ಪಾಲು.
ಹಲಗೆಯ ಮೇಲೆ ಸಾಲಾಗಿ ಆರು ತಲೆ,
ರೊಸಮೆಲ್ ಬಾರಿಯಾನ ಮೀನುದೋಣಿಯವು,
ಮಸಿ ಮೆತ್ತಿದ ಮುಖ ಮೇಲೆ ಮಾಡಿ ಮಲಗಿಸಿದ್ದೇನೆ.
ಒಲೆಯ ಪಕ್ಕ ನೀವು, ಅರ್ತೇಮಿಯೊ ಮೇಸ್ತ್ರಿ,
ಕಹಿ ಕಷಾಯ ಹೀರುತ್ತ.
ನಿಮ್ಮ ಕಿವಿಯನ್ನು ಇಂಜಿನ್ನುಗಳು ತಿಂದು ಮುಗಿಸಿ ವರ್ಷಗಳಾದವು.

ಮೊದಲು ತಟ್ಟಿ ನೋಡು, ಎಂದಿದ್ದಿರಿ
ನನಗೆ ಹದಿನೇಳಾಗಿದ್ದಾಗ,
ಮಡಕೆ ಕೊಳ್ಳುವವರು ತಟ್ಟುವ ಹಾಗೆ.
ತಟ್ಟಿದೆ.
ಒಂದು, ಠಣ್. ಎರಡು, ಠಣ್. ಮೂರು, ಐದು, ಆರು
ಒಂದೇ ಮನೆಯ ಮಕ್ಕಳಂತೆ ಒಂದೇ ದನಿ.
ನಾಲ್ಕು
ಏನನ್ನೋ ನುಂಗಿಕೊಂಡು ಮಾತಾಡಿತು.

ಎರಡರ ವಾಲ್ವು ಗೈಡಿನೊಳಗೆ
ಹಾಲುಹಲ್ಲಿನಂತೆ ಅಲುಗುತ್ತದೆ; ಅದಕ್ಕೆ ಮದ್ದಿದೆ.
ನಾಲ್ಕನ್ನು ಕೆರೆದೆ, ಡೀಸೆಲ್ಲಿನಲ್ಲಿ ತೊಳೆದೆ,
ಕೆಂಪು ಬಳಿದು, ಒರೆಸಿ, ಬಿಳಿ ಪುಡಿ ಊದಿ ಕಾದೆ.
ಕಬ್ಬಿಣ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ.
ಹೇಳುತ್ತದೆ,
ಹತ್ತು ನಿಮಿಷ ಮಾತ್ರ.

ಎರಡು ವಾಲ್ವುಗಳ ನಡುವೆ ಕೂದಲಿನಷ್ಟು ಕೆಂಪು ಗೆರೆ.
ಗೆರೆಯ ಉದ್ದಕ್ಕೂ ಒಂಬತ್ತು ಚುಕ್ಕೆ:
ಕೊರೆದು, ಪಿನ್ನು ತಿರುಗಿಸಿ, ಬಡಿದು, ಅರದಿಂದ ಉಜ್ಜಿ
ಯಾರೂ ಕಾಣದಂತೆ ಹಾಕಿದ ಹೊಲಿಗೆ.
ಊರಿನಲ್ಲಿ ಅಂಥ ಕೈ ಒಂದೇ.

ಹಣೆಯ ಮೇಲೆ ಅಚ್ಚಾದ ವರ್ಷ ಉಳಿದ ಐದರದೇ.
ರೊಸಮೆಲನ ತಗಡಿನ ಡಬ್ಬಿಯಲ್ಲಿ
ಹತ್ತೊಂಬತ್ತು ವರ್ಷದ ಹಿಂದಿನ ಬಿಲ್ಲು, ನಿಮ್ಮ ಅಕ್ಷರ:
ನಾಲ್ಕನೆಯ ಹೆಡ್ಡು, ಹೊಸದು.
ಹಣೆಬರಹ ಒಂದು, ಬಿಲ್ಲಿನ ಬರಹ ಇನ್ನೊಂದು.

ಹೊಸದು ತರಲು ಸಾಂತಿಯಾಗೊಗೆ ಹೊರಟೆ ಎಂದು
ನೀವು ಮಾಯವಾದ ಆ ನಾಲ್ಕು ದಿನ
ಹಿಂದಿನ ಕೋಣೆಗೆ ಬೀಗ ಇತ್ತು. ನೆನಪಿದೆ.
ಮರುವಾರ ನನ್ನ ಮೊದಲ ಸಂಬಳ,
ಲಕೋಟೆಯಲ್ಲಿ. ಅದೂ ನೆನಪಿದೆ.
ಹತ್ತೊಂಬತ್ತು ಚಳಿಗಾಲ
ಕೊರ್ಕೊವಾದೊ ಕೊಲ್ಲಿಯ ಅಲೆಗೆ ಎದೆಯೊಡ್ಡಿ
ಐದು ಜನರನ್ನು ಮನೆಗೆ ತಂದದ್ದು ಒಂಬತ್ತು ಪಿನ್ನು.

ರೊಸಮೆಲ್ ಬಂದ, ಬೂಟಿನಿಂದ ನೀರು ಸುರಿಸುತ್ತ.
ಏನಂತೆ?
ನಾಲ್ಕು ಹೋಗಿದೆ. ಹೊಸದು ಹಾಕಬೇಕು.
ಅದು ಹೊಸದೇ ಅಲ್ಲವಾ?
ಆಗಿತ್ತು, ಎಂದೆ.
ನೀವು ನನ್ನ ತುಟಿಯನ್ನೇ ನೋಡುತ್ತಿದ್ದಿರಿ.

ಎಂಟನೆಯ ದಿನ ಪುವೆರ್ತೊ ಮೋಂತಿನಿಂದ ಬಸ್ಸಿನಲ್ಲಿ ಬಂತು,
ಗ್ರೀಸು ಕಾಗದ ಸುತ್ತಿಕೊಂಡು, ಹಸುಗೂಸಿನ ಭಾರಕ್ಕಿಂತ
ಎಷ್ಟೋ ಪಾಲು ಭಾರ; ಆದರೂ ಹಾಗೆಯೇ ಎತ್ತಿಕೊಂಡೆವು.
ಗ್ಯಾಸ್ಕೆಟ್ಟು ಕೂರಿಸಿ, ನಟ್ಟು ಬಿಗಿದೆ
ಅಡ್ಡಡ್ಡ, ಮೂರು ಸುತ್ತು,
ಪ್ರತಿ ಸುತ್ತಿಗೂ ಇನ್ನಷ್ಟು.
ಇಂಜಿನ್ನು ಕೆಮ್ಮಿ, ಕೆಮ್ಮಿ, ಹಿಡಿಯಿತು.
ನೀವು ಎದ್ದು ಬಂದು ನಾಲ್ಕರ ಮೇಲೆ ಅಂಗೈ ಇಟ್ಟಿರಿ,
ಸುಡುವವರೆಗೂ ತೆಗೆಯಲಿಲ್ಲ.

ರಾತ್ರಿ ಬಿಲ್ಲು ಬರೆದೆ:
ನಾಲ್ಕನೆಯ ಹೆಡ್ಡು, ಹೊಸದು.
ನನ್ನ ನಾಲ್ಕೂ
ನಿಮ್ಮದರಂತೆಯೇ ಎಡಕ್ಕೆ ವಾಲುತ್ತದೆ.