ಉಪ್ಪು ತಿಂದ ಬಟ್ಟಲು

ರಾಸ್ ಅಲ್ ಖೈಮಾದ ಹಳೆ ಬಂದರಿನ ಹಿಂದೆ
ಮೀನಿನ ಗೋದಾಮಾಗಿದ್ದ ಉದ್ದ ಕೋಣೆ.
ನಲವತ್ತೊಂದು ಪ್ಲಾಸ್ಟಿಕ್ ತೊಟ್ಟಿ, ಮುನ್ನೂರ ಹದಿಮೂರು ಪಿಂಗಾಣಿ.
ನನ್ನ ಕೆಲಸ: ನೀರು ಬದಲಿಸುವುದು.

ಅಷ್ಟೆ. ಬೆಳಿಗ್ಗೆ ಏಳಕ್ಕೆ ಬಂದು
ಮೀಟರಿನ ಕಡ್ಡಿ ಅದ್ದಿ, ಅಂಕೆ ಬರೆದು,
ಹಳೆಯದನ್ನು ಚೆಲ್ಲಿ, ಹೊಸತನ್ನು
ತೊಟ್ಟಿಯ ಗೋಡೆಗುಂಟ ಮೆಲ್ಲಗೆ ಇಳಿಬಿಡುವುದು.
ಮುಳುಗಿದ ಹಡಗಿನಿಂದ ಎದ್ದದ್ದನ್ನು
ಒಮ್ಮೆಲೇ ಒಣಗಲು ಬಿಡಬಾರದಂತೆ.
ಒಳಗೆ ಕೂತ ಉಪ್ಪು ಹರಳುಗಟ್ಟಿ, ಮೆರುಗನ್ನು ದೂಡಿ,
ನೀಲಿ ಹೂವು ಈರುಳ್ಳಿ ಸಿಪ್ಪೆಯ ಹಾಗೆ
ಬೆರಳಿಗೆ ಬಂದುಬಿಡುತ್ತದಂತೆ.

ಬಂದಿತ್ತು, ನನ್ನ ಬೆರಳಿಗೇ, ಮೊದಲ ವಾರ.
ಅಫ್ರಾ ಮೇಡಂ ಬೈಯಲಿಲ್ಲ.
ಸಿಪ್ಪೆಯನ್ನು ಒಂದು ಡಬ್ಬಿಯಲ್ಲಿಟ್ಟು
ಮೇಲೆ ಬರೆದರು: ಮೋನಬ್ಬ.
ಅರಬ್ಬಿಯಲ್ಲಿ ನನ್ನ ಹೆಸರು ಅಷ್ಟು ಚೆಂದಕ್ಕೆ
ಯಾವ ವೀಸಾದಲ್ಲೂ ಬಂದಿರಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು
ಎಂದಿದ್ದರು ಮೂಳೂರಿನ ಶಾಲೆಯಲ್ಲಿ ಮೇಷ್ಟ್ರು,
ಕದ್ದ ಪೆನ್ಸಿಲ್ಲಿಗೆ ಬೆತ್ತ ಎತ್ತಿ.
ಇವು ಯಾರ ಪೆನ್ಸಿಲ್ ಕದ್ದವೋ!
ಆರುನೂರು ವರ್ಷ ತಿಂದದ್ದಕ್ಕೆ
ಏಳು ತಿಂಗಳಿಂದ ಕುಡಿಯುತ್ತಲೇ ಇವೆ.
ಆ ನೀರಾದರೂ ಎಲ್ಲಿಯದು? ಇದೇ ಕಡಲು.
ಅಲ್ಲಿ, ಚಿಮಣಿಗಳ ಕಾರ್ಖಾನೆಯಲ್ಲಿ
ಉಪ್ಪು ಕಳೆದುಕೊಂಡು, ಪೈಪು ಹಿಡಿದು
ತನ್ನದನ್ನೇ ವಾಪಸು ಕೇಳಲು ಬಂದದ್ದು.

'ಈ ನೀಲಿ ಚೀನಾದ್ದಲ್ಲ, ಗೊತ್ತಾ?'
ಮೇಡಂ ಒಮ್ಮೆ ಕಿಟಕಿಯಾಚೆ ಕೈ ತೋರಿದರು.
ಆಚೆ ದಡದ ಬೆಟ್ಟದ ಕಲ್ಲಂತೆ.
ಪುಡಿಯಾಗಿ ಹಡಗು ಹತ್ತಿ ಹೋಗಿ
ಹೂವಾಗಿ ಮರಳುತ್ತಿತ್ತಂತೆ.
ದಡಕ್ಕೆ ಒಂದು ಹಗಲ ಹಾದಿ ಇತ್ತು, ಅಷ್ಟರಲ್ಲಿ.

ಇನ್ನೂರ ಏಳನೆಯದು ಸಣ್ಣ ಬಟ್ಟಲು.
ಹೊರಮೈಗೆ ಎರಡು ಬಾತು; ಒಂದಕ್ಕೆ ಕಣ್ಣು ಬರೆಯಲು ಮರೆತಿದ್ದಾರೆ.
ಅಂಚಿಗೊಂದು ಚಿಪ್ಪು ಕಚ್ಚಿ ಕೂತಿದೆ, ಕೀಳಬೇಡ ಎಂದಿದ್ದಾರೆ.
ತಳದಲ್ಲಿ ಯಾರದೋ ಹೆಬ್ಬೆರಳ ಗುರುತು.
ನನ್ನದನ್ನು ಇಟ್ಟು ನೋಡಿದೆ. ಹಿಡಿಸಲಿಲ್ಲ.
ಕಿರುಬೆರಳು ಸರಿಹೋಯಿತು.
ಎಷ್ಟು ವರ್ಷದ ಹುಡುಗನೋ.

ಇವತ್ತು ಅದರ ಅಂಕೆ ಇಳಿದು ಇಳಿದು
ನಲ್ಲಿಯ ನೀರಿಗೆ ಸಮ ನಿಂತಿತು.
ಪುಸ್ತಕದಲ್ಲಿ ಅಡ್ಡಗೆರೆ ಎಳೆದೆ.
ಕೊನೆಯ ನೀರು ಚೆಲ್ಲುವ ಮುಂಚೆ, ಯಾರೂ ಇಲ್ಲದಾಗ,
ಒಂದು ಹನಿ ನಾಲಿಗೆಗೆ ಮುಟ್ಟಿಸಿದೆ.

ಸಪ್ಪೆ.

ಬಟ್ಟಲನ್ನು ಟವೆಲ್ಲಿನ ಮೇಲೆ ಬೋರಲು ಹಾಕಿದೆ.
ಬಾತುಗಳು ತಲೆಕೆಳಗಾಗಿ, ಮೊದಲ ಸಲ
ನೀರಿಲ್ಲದೆ ಈಜುತ್ತಿದ್ದವು.