ಚೀಟಿ ಅಂಟಿಸಿದ ಜೋಡು

ಯಾದಗಿರಿ ಠೇಸನ್ ರೋಡಿನ ನನ್ನ ಡಬ್ಬಿ ಅಂಗಡಿಯಾಗ
ಹದಿನೈದು ದಿನದಿಂದ ಜೋಡುಗಳು ಜರ್ಮನ್ ಮಾತಾಡ್ತಾವ.

ಮಗಳು ಸುವಾರ್ತಾ ದವಾಖಾನಿ ನೈಟ್ ಡ್ಯೂಟಿ ಮುಗಿಸಿ
ಮುಂಜಾನಿ ಎಂಟಕ್ಕ ಬುತ್ತಿ ತರ್ತಾಳ,
ಜೊತಿಗೆ ಗೋಂದಿನ ಬಾಟಲಿ, ಹರಿದ ಚೀಟಿ.
ನವೆಂಬರದಾಗ ಪರೀಕ್ಷಾ ಅದ ಅಂತ, ಹೈದರಾಬಾದಿನಾಗ.
ನಾ ರೊಟ್ಟಿ ಬಿಚ್ಚೂದರೊಳಗ
ರಿಪೇರಿಗೆ ಬಂದದ್ದಕ್ಕೆಲ್ಲಾ ಹೆಸರು ಅಂಟಸ್ತಾಳ,
ಕನ್ನಡ ಅಕ್ಷರದಾಗ, ನಾ ಓದಿ ಕೇಳಲಿಕ್ಕೆ.

ಶೂ ಅಂದ್ರ ಅಲ್ಲಿನೂ ಶೂನೇ. ಗಂಡು. ಡೇರ್ ಶೂ.
ಸ್ಯಾಂಡಲ್ಲು ಹೆಣ್ಣು, ಡೀ ಝಂಡಾಲ.
ಪೊಲೀಸಪ್ಪನ ಬೂಟು ಶ್ಟೀಫಲ್.
ಅಟ್ಟಿಗೆ ಝೋಲ.
ಜೋಳ, ಅಂದೆ ನಾ.
ಅಲ್ಲಪಾ, ನಾಲಿಗಿ ಹಲ್ಲಿಗೆ ತರುಬು, ಅಂದಳು.
ನಂಗ ಜೋಳನೇ ಬರ್ತಾದ; ಮರಿಯಂಗಿಲ್ಲ ಹಂಗಾದ್ರ.
ಚರ್ಮಕ್ಕ ಮಾತ್ರ ದಾಸ್ ಲೇಡರ್,
ಗಂಡೂ ಅಲ್ಲ, ಹೆಣ್ಣೂ ಅಲ್ಲ.
ಜಾತಿ? ಅಂದೆ.
ಅಕಿ ಉಪ್ಪಿನಕಾಯಿ ಡಬ್ಬಿ ಮುಚ್ಚಳ ತಿರುವಿದಳು.

ಒಂದಿನ ಚೀಟಿ ಕೀಳೂದು ಮರೆತೆ.
ಸರ್ವೆ ಕಚೇರಿ ಖಾದರಸಾಬರು ಮರುದಿನ ಬಂದು
ಕಾಲೆತ್ತಿ ತೋರಿಸಿದರು: ಏನೋ ಇದು, ಝೋಲ?
ಎಪ್ಪತ್ತು ರೂಪಾಯಿ ಇಸಕೊಂಡು ಬೈದೀ ಏನು?
ಜರ್ಮನ್ ಅಂದೆ.
ಹೌದಾ, ಅಂತ ಅಂದು
ಇನ್ನೊಂದು ಕಾಲಿಗೂ ಅಂಟಸು ಅಂದರು.

ನಿನ್ನಿ ಅಕಿ ಪರ್ಸಿನಿಂದ ದವಾಖಾನಿ ಗ್ಲೌಸು ತೆಗೆದಳು,
ಪುಡಿ ಮೆತ್ತಿದ್ದು, ಹಾಲಿನ ಬಣ್ಣದ್ದು.
ಚೀಟಿ ಅಂಟಸಿದಳು: ಹಾಂಡ್‌ಶೂ.
ಹಾಂಡ್ ಅಂದ್ರ ಕೈ, ಅಪ್ಪಾ. ಕೈಗೆ ಜೋಡು!
ಎಂಥಾ ಮಂದಿ ನೋಡು, ಅಂತ ನಕ್ಕಳು.

ನಮ್ಮಪ್ಪ ಸಾಯಬಣ್ಣ ತನಗಂತ ಹೊಲಕೊಂಡ ಜೋಡು
ಅಗಸಿ ದಾಟೂತನಕ ಅವನ ಕೈಯಾಗೇ ಇರ್ತಿದ್ದವು.
ಗೌಡ್ರ ಕಟ್ಟಿ ಬಂತಂದ್ರ
ಕೈಯಾಗ ಜೋಡು ಇದ್ದಂಗೇ
ಕೈ ಜೋಡಸ್ತಿದ್ದ.
ಹಿಂದ ನಾ, ಸಣ್ಣವ. ನಂದೂ ಕೈಯಾಗ.
ಉರಿಬಿಸಲು, ಕಾದ ಫರಸಿ.
ಅದಕ್ಕ ಒಂದು ಶಬ್ದ ಅದ ಅಂತ
ಯಾರಿಗೆ ಗೊತ್ತಿತ್ತು.

ಹೇಳಲಿಲ್ಲ ಅಕಿಗೆ. ಪರೀಕ್ಷಾ ಅದ.
ಬಹುವಚನ? ಅಂತ ಕೇಳಿದೆ.
ಹಾಂಡ್‌ಶೂ-ಎ, ಅಂದಳು, ಬಾಯಿ ತುಂಬ ರೊಟ್ಟಿ.

ಎಂಟೂವರೆ ಗಾಡಿ ಬಂತು.
ಉಂಗುಟ ಹರಿದ ಚಪ್ಪಲಿ ಕೈಯಾಗ ಹಿಡಕೊಂಡು
ಹುಡುಗಿಯೊಬ್ಬಳು ಬರಿಗಾಲಲ್ಲಿ ಕುಂಟಕೋತ ಬಂದಳು.
ಡೀ ಝಂಡಾಲ, ಅಂತ ಸುವಾರ್ತಾ ಚೀಟಿ ತಡಕಿದಳು.

ನಾ ನನ್ನ ಕಾಲಾಗಿನ ಜೋಡು ಬಿಟ್ಟು
ಆ ಹುಡುಗಿ ಮುಂದ ಸರಿಸಿದೆ,
ಹೊಲಿಯೂತನಕ ಮೆಟ್ಟಲಿ ಅಂತ.