ನಾಲ್ಕು ಸುಗಂಧಾ

ಮೀನು ಮಾರ್ಕೆಟ್ಟಿನ ಹನ್ನೊಂದು ಹೆಂಗಸರು
ಚಿಲ್ಲರೆ ಕೂಡಿಸಿ ತಂದಿದ್ದರು, ನೋಟಿಗೆಲ್ಲ ಬಂಗಡೆ ವಾಸನೆ.
ಸುಗಂಧಾ ತಾಂಡೇಲಳಿಗೆ ಅರವತ್ತು ತುಂಬಿದ್ದಕ್ಕೆ
'ಆ ಬಣ್ಣಬಣ್ಣದ್ದು ಬರ್ತದಲ್ಲ,
ಒಂದೇ ಮುಖ ನಾಲ್ಕು ಸಲ, ಅದು ಮಾಡಿಕೊಡು.'

ಸಿಕ್ಕ ಫೋಟೋ ಒಂದೇ, ರೇಶನ್ ಕಾರ್ಡಿಗೆ ತೆಗೆದದ್ದು:
ಇಸವಣವನ್ನು ಅರ್ಧ ಬೆಲೆಗೆ ಕೇಳಿದ ಗಿರಾಕಿಯನ್ನು
ನೋಡುವ ಹಾಗೆ ಕ್ಯಾಮೆರಾ ನೋಡಿದ್ದಾಳೆ.

ಕೋಡಿಬಾಗದ ನನ್ನ ಸ್ಟುಡಿಯೋದಲ್ಲಿ
ಕರೆಂಟು ಹೋಗಿ ಬಂದು ಮೂರು ರಾತ್ರಿ.
ಗುಲಾಬಿ ಕೆನ್ನೆ, ನೀಲಿ ಕೂದಲು,
ಹಸಿರು ಮೂಗಿಗೆ ಹಳದಿ ನತ್ತು.
ಸುಕ್ಕು ತೆಗೆದೆ.
ಜೊತೆಗೆ ಇನ್ನೇನೋ ಹೋಯಿತು, ನನಗೆ ತಿಳಿಯಲಿಲ್ಲ.

ಐಸ್ ಪೆಟ್ಟಿಗೆಗೆ ಒರಗಿಸಿ ಕಾಗದ ಹರಿದರು.
ಆಕೆ ಕೈ ಒರೆಸಿಕೊಂಡು ಬಗ್ಗಿದಳು.
'ನಾಲ್ಕು ಜನ ಇದ್ದೇನಾ? ಹಾಗಾದರೆ ನಾಳೆ
ಬೈತಖೋಲದ ಹರಾಜಿಗೆ
ಈ ಹಸಿರಿನವಳು ಏಳಲಿ, ನಾನು ಮಲಗ್ತೆ.'
ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಕ್ಕಿತು.

ನಗು ಮುಗಿದ ಮೇಲೂ ನೋಡುತ್ತಲೇ ಇದ್ದಳು.
ಗಲ್ಲ ಮುಟ್ಟಿಕೊಂಡಳು.
ನನ್ನ ಜೇಬಿನ ಕಪ್ಪು ಮಾರ್ಕರ್ ತಾನೇ ಎಳೆದು
ನಾಲ್ಕೂ ಗಲ್ಲಕ್ಕೆ ಒಂದೊಂದು ಮಚ್ಚೆ ಇಟ್ಟಳು.
ಮೂರನೆಯದು ಸ್ವಲ್ಪ ದೊಡ್ಡದಾಯಿತು.

'ಹಾಂ,' ಅಂದಳು, 'ಈಗ ಮನೆಗೆ ಬರಲಿ.'